ಅಪ್ಪನ ದನಿಯ ಟ್ಯಾಟೂ: ಚರ್ಮ ಎಷ್ಟನ್ನು ಹಿಡಿದಿಡುತ್ತೆ?

ಪ್ರಶ್ನೆ: ನನಗೆ 29 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಹೋದ ವರ್ಷ ಅಪ್ಪ ತೀರಿಕೊಂಡರು. ನಾನು ಊರಿನಿಂದ ಹೊರಟಾಗಲೆಲ್ಲ "ಪುಟ್ಟಿ, ಬಸ್ ಸಿಕ್ತಾ?" ಎಂದು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಅದರಲ್ಲಿ ಒಂದೇ ಒಂದು ನನ್ನ ಫೋನಿನಲ್ಲಿ ಉಳಿದಿದೆ. ಮೂರು ಸೆಕೆಂಡಿನದು. ಹಿಂದೆ ಅಮ್ಮನ ಕುಕ್ಕರ್ ಕೂಗುವುದೂ ಕೇಳುತ್ತೆ. ಆ ದನಿಯ ಅಲೆಯನ್ನು ಮಣಿಕಟ್ಟಿನ ಒಳಭಾಗದಲ್ಲಿ ಟ್ಯಾಟೂ ಹಾಕಿಸಿಕೊಳ್ಳುವ ಆಸೆ. ಫೋನ್ ಕ್ಯಾಮೆರಾ ಹಿಡಿದರೆ ಟ್ಯಾಟೂದಿಂದಲೇ ದನಿ ಕೇಳುತ್ತೆ ಎಂದು ಗೆಳತಿ ಹೇಳಿದಳು. ನಿಜವೇ? ಒಬ್ಬ ಟ್ಯಾಟೂದವರು "ಅಲೆ ಬೇಡ, ದನಿಯ ಕಂಪನದ ಮಂಡಲ ಹಾಕಿಸಿ, ಮನಸ್ಸಿಗೆ ಶಾಂತಿ ಸಿಗುತ್ತೆ" ಎಂದರು. ಅಮ್ಮ ಬೇಡವೇ ಬೇಡ ಅನ್ನುತ್ತಾರೆ. ಇನ್ನೊಂದು ಭಯ, ಕಾಲೇಜಿನಲ್ಲಿದ್ದಾಗ ಕಿವಿಯ ಮೇಲ್ಭಾಗ ಚುಚ್ಚಿಸಿದ್ದಕ್ಕೆ ಗಂಟು ಎದ್ದಿತ್ತು. ತಮ್ಮನೂ ಇದನ್ನೇ ಹಾಕಿಸುತ್ತೇನೆ ಅನ್ನುತ್ತಿದ್ದಾನೆ. ಅವನು ಸಿಆರ್‌ಪಿಎಫ್‌ಗೆ ತಯಾರಿ ಮಾಡುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಬೇರೆ ಮಾತಿಗೆ ಮೊದಲು ಒಂದು ಕೆಲಸ ಮುಗಿಸಿ. ಆ ಮೆಸೇಜ್ ಒಂದೇ ಉಳಿದಿದೆ, ಅದೂ ಒಂದೇ ಫೋನಿನಲ್ಲಿ. ಇವತ್ತೇ ಅದನ್ನು ಹೊರಗೆ ತೆಗೆದಿಡಿ. ಮೆಸೇಜ್ ಮೇಲೆ ಒತ್ತಿ ಹಿಡಿದು, ಶೇರ್ ಒತ್ತಿ, ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಒಂದು ಪ್ರತಿ ಗೂಗಲ್ ಡ್ರೈವ್‌ನಲ್ಲಿ, ಒಂದು ಪೆನ್ ಡ್ರೈವ್‌ನಲ್ಲಿ, ಒಂದು ತಮ್ಮನ ಹತ್ತಿರ ಇರಲಿ. ವಾಟ್ಸಾಪ್ ಇದನ್ನು ಓಪಸ್ ಎಂಬ ಮಾದರಿಯ ಫೈಲಾಗಿ ಇಟ್ಟಿರುತ್ತೆ. ಎಂಪಿ3 ಮಾಡಿಕೊಂಡರೂ ಮೂಲ ಫೈಲ್ ಅಳಿಸಬೇಡಿ. ಒಂದು ಮಾದರಿಯಿಂದ ಇನ್ನೊಂದಕ್ಕೆ ಹೀಗೆ ಬದಲಾಯಿಸಿದಾಗಲೆಲ್ಲ ಸದ್ದು ಅಷ್ಟಷ್ಟು ಸವೆಯುತ್ತೆ. ಫೋನ್ ಬದಲಾಯಿಸುವಾಗ ಫೈಲ್ ಕಳೆದುಕೊಂಡು, ಬರೀ ಅಲೆಯ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಟ್ಯಾಟೂ ಹಾಕುವ ನನ್ನ ಹತ್ತಿರ ಬಂದವರಿದ್ದಾರೆ. ಆ ಚಿತ್ರದಿಂದ ದನಿ ವಾಪಸ್ ತರಲು ಯಾರಿಂದಲೂ ಆಗಲ್ಲ.

ಯಾಕೆ ಆಗಲ್ಲ ಅನ್ನುವುದರಲ್ಲೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೆ.

ಸದ್ದನ್ನು ಗೆರೆಯಾಗಿ ಬರೆದು, ಆ ಗೆರೆಯಿಂದ ಮತ್ತೆ ಸದ್ದು ಹೊರಡಿಸುವುದು ಅಸಾಧ್ಯವೇನಲ್ಲ. ಫ್ರಾನ್ಸಿನ ಎದ್ವಾರ್-ಲಿಯೋನ್ ಸ್ಕಾಟ್ ದ ಮಾರ್ತಿನ್‌ವಿಲ್ ಎಂಬಾತ 1857ರಲ್ಲಿ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಮಸಿ ಹಿಡಿಸಿದ ಕಾಗದದ ಮೇಲೆ ಒಂದು ಸಣ್ಣ ಕಡ್ಡಿ ಮನುಷ್ಯನ ದನಿಗೆ ತಕ್ಕಂತೆ ನಡುಗುತ್ತಾ ಗೆರೆ ಎಳೆಯುತ್ತಿತ್ತು. ಅದನ್ನು ವಾಪಸ್ ಕೇಳುವ ಯೋಚನೆ ಆತನಿಗೂ ಇರಲಿಲ್ಲ, ನೋಡುವುದಕ್ಕಷ್ಟೇ ಮಾಡಿದ್ದು. 1860ರಲ್ಲಿ ಹಾಗೆ ಬರೆದ ಒಂದು ಹಾಡಿನ ತುಣುಕನ್ನು 2008ರಲ್ಲಿ ಅಮೆರಿಕದ ಸಂಶೋಧಕರು ಕಂಪ್ಯೂಟರಿನಿಂದ ಓದಿಸಿ ನುಡಿಸಿದರು. ಮೊದಲು ಅದು ಹುಡುಗಿಯ ದನಿ ಅಂದುಕೊಂಡಿದ್ದರು. ಆಮೇಲೆ ವೇಗದ ಲೆಕ್ಕ ತಪ್ಪಿದೆ ಅಂತ ಗೊತ್ತಾಯಿತು. ಸರಿಪಡಿಸಿದರೆ ಅದು ಗಂಡಸಿನ ದನಿ, ಬಹುಶಃ ಸ್ಕಾಟ್‌ನದೇ.

ಹಾಗಾದರೆ ನಿಮ್ಮ ಕೈಯಿಂದ ಯಾಕೆ ಆಗಲ್ಲ? ಆ ಕಾಗದದಲ್ಲಿ ಪ್ರತಿಯೊಂದು ನಡುಕವೂ ಬೇರೆಬೇರೆಯಾಗಿ ಬಿದ್ದಿತ್ತು. ಗಂಡಸರು ಮಾತಾಡುವಾಗ ಗಂಟಲಿನ ತಂತುಗಳು ಸೆಕೆಂಡಿಗೆ ಸುಮಾರು ನೂರಿಪ್ಪತ್ತು ಸಲ ನಡುಗುತ್ತವೆ ಅಂದುಕೊಳ್ಳಿ. ಮೂರು ಸೆಕೆಂಡಿಗೆ 360 ನಡುಕ. ಮುಂಗೈ ಮೇಲೆ 9 ಸೆಂಟಿಮೀಟರ್ ಜಾಗ ಕೊಟ್ಟರೆ ಒಂದು ಮಿಲಿಮೀಟರಿನೊಳಗೆ ನಾಲ್ಕು ನಡುಕ ಬರೆಯಬೇಕು. ನಮ್ಮ ಸೂಜಿಯಿಂದ ಬರುವ ತೀರಾ ತೆಳುವಾದ ಗೆರೆಯೇ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುತ್ತೆ. ಇದು ಮುಖ್ಯ ಕಂಪನದ ಲೆಕ್ಕ ಮಾತ್ರ. ಅಪ್ಪನ ದನಿ ಅಪ್ಪನದೇ ಅಂತ ಗುರುತು ಸಿಗುವುದು ಅದರ ಮೇಲೆ ಕೂತಿರುವ ಇನ್ನೂ ವೇಗದ, ಇನ್ನೂ ಸಣ್ಣ ಕಂಪನಗಳಿಂದ.

ಗೆಳತಿ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. 2017ರಲ್ಲಿ ಲಾಸ್ ಏಂಜಲೀಸ್‌ನ ಟ್ಯಾಟೂ ಕಲಾವಿದ ನೇಟ್ ಸಿಗಾರ್ಡ್ ಸ್ಕಿನ್ ಮೋಷನ್ ಎಂಬ ಆ್ಯಪ್ ತಂದರು. ಕ್ಯಾಮೆರಾ ಹಿಡಿದರೆ ದನಿ ಕೇಳಿಸುತ್ತೆ. ಆದರೆ ಆ್ಯಪ್ ನಿಮ್ಮ ಚರ್ಮದ ಗೆರೆಯನ್ನು ಓದಿ ದನಿ ಮಾಡುವುದಿಲ್ಲ. ನೀವು ಮೊದಲೇ ಆಡಿಯೋ ಫೈಲನ್ನೂ ಟ್ಯಾಟೂವಿನ ಫೋಟೋವನ್ನೂ ಅವರ ಸರ್ವರ್‌ಗೆ ಹಾಕಿರಬೇಕು. ಕ್ಯಾಮೆರಾ ಚಿತ್ರವನ್ನು ಗುರುತು ಹಿಡಿಯುತ್ತೆ, ಆ್ಯಪ್ ಅದಕ್ಕೆ ಜೋಡಿಸಿಟ್ಟ ಫೈಲ್ ಹಾಕುತ್ತೆ. ಅಲೆಯ ಜಾಗದಲ್ಲಿ ಆನೆ ಚಿತ್ರ ಇದ್ದರೂ ಗುರುತು ಹಿಡಿಯುವ ಕೆಲಸ ಇದೇ ಥರ. ಕಂಪನಿ ಮುಚ್ಚಿದರೆ, ಚಂದಾ ಕಟ್ಟುವುದು ಮರೆತರೆ, ಟ್ಯಾಟೂ ಇರುತ್ತೆ, ದನಿ ಇರಲ್ಲ. ಹಾಡು ಕೇಳುವ ಆ್ಯಪ್ ಸ್ಪಾಟಿಫೈನ ಕಡ್ಡಿ ಸಾಲು, ಕ್ಯೂಆರ್ ಕೋಡ್ ಹಾಕಿಸುವವರ ಕಥೆಯೂ ಇಷ್ಟೇ. ಅವು ಎಲ್ಲೋ ಇರುವ ಫೈಲಿನ ವಿಳಾಸಗಳು. ಅದರಲ್ಲೂ ಕ್ಯೂಆರ್ ಕೋಡನ್ನು ನಾನು ಯಾರಿಗೂ ಹಾಕಲ್ಲ. ಆ ಸಣ್ಣ ಚೌಕಗಳು ಕೆಲವು ವರ್ಷಕ್ಕೆ ಒಂದಕ್ಕೊಂದು ಅಂಟಿಕೊಂಡರೆ ಫೋನಿಗೆ ಏನೂ ಓದಕ್ಕೆ ಬರಲ್ಲ.

ವಾಟ್ಸಾಪ್‌ನಲ್ಲಿ ಕಾಣುವ ಕಡ್ಡಿಗಳ ಸ್ಕ್ರೀನ್‌ಶಾಟ್ ತಂದು "ಇದನ್ನೇ ಹಾಕಿ" ಅನ್ನುವವರೂ ಬಹಳ. ಅದು ಇಡೀ ಮೆಸೇಜನ್ನು ಕೆಲವು ಡಜನ್ ಕಡ್ಡಿಗೆ ಇಳಿಸಿದ ಒರಟು ಚಿತ್ರ. ಅದಕ್ಕಿಂತ ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಸದ್ದು ತಿದ್ದುವ ಸಾಫ್ಟ್‌ವೇರ್ ಹಾಕಿಕೊಂಡು ನಿಮ್ಮ ಫೈಲ್ ತೆರೆಯಿರಿ. ಪುಕ್ಕಟೆ ಸಿಗುತ್ತೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಸ್ವಲ್ಪ ಸ್ವಲ್ಪವೇ ಆಯ್ದು ಕೇಳಿ.

ಅಲ್ಲಿ ಏನು ಕಾಣುತ್ತೆ ಹೇಳುತ್ತೇನೆ. "ಪು" ಒಂದು ಸಣ್ಣ ಉಬ್ಬು. ಅದರ ಪಕ್ಕ ಒಂದು ಖಾಲಿ ಜಾಗ. ಅದೇ "ಟ್ಟ". ಒತ್ತಕ್ಷರ ಹೇಳುವಾಗ ನಾಲಿಗೆ ಒಂದು ಕ್ಷಣ ಗಾಳಿ ತಡೆಯುತ್ತೆ, ಆಗ ಸದ್ದೇ ಇರಲ್ಲ. ಆಮೇಲೆ "ಇ" ಇನ್ನೊಂದು ಉಬ್ಬು. "ಬಸ್ ಸಿ" ಅನ್ನುವಲ್ಲಿ ಎರಡು ಸಕಾರ ಸೇರಿ ಉದ್ದಕ್ಕೆ ತಗ್ಗಾದ, ನವಿರಾದ ಪಟ್ಟಿಯಾಗಿರುತ್ತೆ. "ಕ್ತ" ಮತ್ತೊಂದು ಖಾಲಿ. ಕೊನೆಯ "ಆ" ದೊಡ್ಡದು, ಅಪ್ಪ ಎಷ್ಟು ಎಳೆದಿದ್ದಾರೋ ಅಷ್ಟು ಉದ್ದ. ಕನ್ನಡ ಮಾತಿನ ಅಲೆ ನೋಡಲು ಚೆಂದ ಇರುವುದೇ ಈ ಒತ್ತಕ್ಷರಗಳ ಬಿಡುವುಗಳಿಂದ. ಟ್ಯಾಟೂ ಹಾಕುವವನಿಗೂ ಇವು ಬೇಕು, ಚರ್ಮಕ್ಕೆ ಉಸಿರಾಡಲು ಜಾಗ ಸಿಗುತ್ತೆ.

ನಿಮ್ಮ ಫೈಲಿನಲ್ಲಿ ತೊಂದರೆ ಕೊಡುವುದು ಕುಕ್ಕರ್. ವಿಷಲ್ ಅಂದರೆ ಬಿಡುವಿಲ್ಲದ ಜೋರು ಸದ್ದು. ಚಿತ್ರದಲ್ಲಿ ಅದು ದಪ್ಪ ಕಪ್ಪು ಇಟ್ಟಿಗೆಯಾಗಿ ಬಂದು ಕೂರುತ್ತೆ. ಅಪ್ಪನ ಮಾತಿನ ಮೇಲೆ ಬಿದ್ದಿದ್ದರೆ ಅಲ್ಲಿನ ಏರಿಳಿತವೆಲ್ಲ ಅದರಲ್ಲಿ ಮುಚ್ಚಿಹೋಗಿರುತ್ತೆ. ಮಾತು ಮುಗಿದ ಮೇಲೆ ಕೂಗಿದ್ದರೆ ಸುಲಭ, ಅಲ್ಲಿಗೆ ಕತ್ತರಿಸಿದರಾಯ್ತು. ಮೇಲೆಯೇ ಬಿದ್ದಿದ್ದರೆ ನಾಯ್ಸ್ ರಿಡಕ್ಷನ್ ಮಾಡಿಸಬಹುದು, ಆದರೆ ದನಿಯೂ ಸ್ವಲ್ಪ ಬದಲಾಗುತ್ತೆ. ನಾನಾಗಿದ್ದರೆ ಹಾಗೇ ಬಿಡುತ್ತಿದ್ದೆ. ಅದು ನಿಮ್ಮ ಮನೆಯ ಕುಕ್ಕರ್ ಅಲ್ವಾ? ಅಪ್ಪ ಬಸ್ ಕೇಳುವ ಹೊತ್ತಿಗೆ ಅಮ್ಮ ಅಡುಗೆಮನೆಯಲ್ಲಿದ್ದರು ಅನ್ನುವುದೂ ಆ ಮೂರು ಸೆಕೆಂಡಿನಲ್ಲಿ ಇದೆ. ಅಮ್ಮನಿಗೆ ಒಮ್ಮೆ ಆ ಅಲೆ ತೋರಿಸಿ, ಇಲ್ಲಿ ನೀನಿದ್ದೀಯಾ ಅಂತ ಹೇಳಿ ನೋಡಿ.

ಅಮ್ಮ ಯಾಕೆ ಬೇಡ ಅನ್ನುತ್ತಾರೆ ಎಂದು ನೀವು ಬರೆದಿಲ್ಲ. ಸತ್ತವರದ್ದನ್ನು ಮೈಮೇಲೆ ಇಟ್ಟುಕೊಳ್ಳಬಾರದು ಅನ್ನುವ ನಂಬಿಕೆ ಇದ್ದರೆ ಅದನ್ನು ವಾದ ಮಾಡಿ ಬಿಡಿಸಲು ಹೋಗಬೇಡಿ. ಮದುವೆಗೆ ಅಡ್ಡಿ ಅನ್ನುವ ಚಿಂತೆ ಇದ್ದರೆ ಜಾಗ ಬದಲಾಯಿಸಿದರೆ ಅರ್ಧ ಸಮಾಧಾನ ಆಗುತ್ತೆ. ಸೋಂಕಿನ ಭಯ ಆದರೆ ಅದು ನಿಜವಾದ ಭಯವೇ, ಮುಂದೆ ಹೇಳುತ್ತೇನೆ.

ಈಗ ಕಂಪನದ ಮಂಡಲ, ಅಂದರೆ ಸದ್ದಿನ ಕಂಪನದಿಂದ ಮೂಡುತ್ತೆ ಅನ್ನುವ ದುಂಡನೆಯ ಚಿತ್ತಾರ. ಇದರ ಹಿಂದೆ ನಿಜವಾದ ವಿಜ್ಞಾನ ಇದೆ, ಅದರ ಮೇಲೆ ಒಂದಿಷ್ಟು ವ್ಯಾಪಾರವೂ ಕೂತಿದೆ. ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ 1787ರಲ್ಲೇ ತಗಡಿನ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ತೀಡಿ ಮೂಡುವ ಚಿತ್ತಾರಗಳ ಬಗ್ಗೆ ಬರೆದಿದ್ದ. ತಗಡು ನಡುಗುವ ಕಡೆಯಿಂದ ಮರಳು ಎಗರಿ, ನಡುಗದ ಕಡೆ ಹೋಗಿ ಸಾಲಾಗಿ ಕೂರುತ್ತೆ. ನಮ್ಮ ಸಿ.ವಿ. ರಾಮನ್ ಬೆಂಗಳೂರಿನಲ್ಲಿದ್ದಾಗ, 1934ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮೃದಂಗ, ತಬಲಾದಂಥ ವಾದ್ಯಗಳ ಮುಚ್ಚಿಗೆಯ ಮೇಲೆ ಹೀಗೇ ಮರಳು ಉದುರಿಸಿ ತೆಗೆದ ಚಿತ್ರಗಳಿವೆ. ಮಧ್ಯೆ ಕಪ್ಪು ಹಚ್ಚಿದ ಭಾಗದಿಂದಾಗಿ ಆ ವಾದ್ಯಗಳ ನಾದ ಬೇರೆ ಚರ್ಮವಾದ್ಯಗಳಿಗಿಂತ ಇಂಪಾಗಿ ಹೊಂದಿಕೊಳ್ಳುವುದು ಹೇಗೆ ಅನ್ನುವುದು ಅವರ ವಿಷಯ.

ಇಲ್ಲಿ ಗಮನಿಸಬೇಕಾದದ್ದು, ಚಿತ್ತಾರ ತಗಡಿನ ಆಕಾರ, ದಪ್ಪ, ಎಲ್ಲಿ ಹಿಡಿದಿದ್ದೀರಿ, ಯಾವ ಶ್ರುತಿ ಎಂಬುದರ ಮೇಲೆ ನಿಂತಿರುತ್ತೆ. ಮನೆಯಲ್ಲೇ ನೋಡಬಹುದು. ಒಂದು ಸ್ಟೀಲ್ ಬೋಗುಣಿಯ ಬಾಯಿಗೆ ಬಲೂನ್ ಕತ್ತರಿಸಿ ಬಿಗಿಯಾಗಿ ಎಳೆದು ಕಟ್ಟಿ. ಮೇಲೆ ಒಂದು ಚಿಟಿಕೆ ಚಿರೋಟಿ ರವೆ ಉದುರಿಸಿ. ಹತ್ತಿರದಲ್ಲಿ ಬ್ಲೂಟೂತ್ ಸ್ಪೀಕರ್ ಇಟ್ಟು, ಫೋನಿನ ಟೋನ್ ಜನರೇಟರ್ ಆ್ಯಪ್‌ನಿಂದ ಒಂದೇ ಸಮನೆ ಸದ್ದು ಬಿಡುತ್ತಾ ಹೋಗಿ. ಯಾವುದೋ ಒಂದು ಶ್ರುತಿಗೆ ರವೆ ದಿಢೀರನೆ ಉಂಗುರವಾಗಿ ಕೂರುತ್ತೆ. ಬಲೂನ್ ಸ್ವಲ್ಪ ಸಡಿಲ ಮಾಡಿ, ಅದೇ ಸದ್ದಿಗೆ ಬೇರೆ ಚಿತ್ತಾರ. ಮಾತಿನ ದನಿ ಹಾಕಿದರೆ ರವೆ ಸುಮ್ನೆ ಅತ್ತಿತ್ತ ಕುಣಿಯುತ್ತೆ ಅಷ್ಟೇ, ಯಾಕೆಂದರೆ ಮಾತಿನಲ್ಲಿ ಶ್ರುತಿ ಒಂದು ಕ್ಷಣವೂ ಒಂದೇ ಕಡೆ ನಿಲ್ಲಲ್ಲ. ಹಾಗಾಗಿ "ನಿಮ್ಮ ಅಪ್ಪನ ದನಿಯ ಮಂಡಲ" ಅಂತ ಯಾರಾದರೂ ಕೊಟ್ಟರೆ ಅದು ಕಂಪ್ಯೂಟರ್ ಬರೆದ ಅಲಂಕಾರ. ಚೆನ್ನಾಗಿದೆ ಅನ್ನಿಸಿದರೆ ಧಾರಾಳವಾಗಿ ಹಾಕಿಸಿ. ಆದರೆ ಅದು ಮೈಯಲ್ಲಿ ಕಂಪಿಸಿ ಶಾಂತಿ ಕೊಡುತ್ತೆ, ಇಷ್ಟು ಹರ್ಟ್ಸ್‌ನದು (ಸೆಕೆಂಡಿಗೆ ಇಷ್ಟು ಕಂಪನದ್ದು) ಕಾಯಿಲೆ ವಾಸಿ ಮಾಡುತ್ತೆ ಅಂದರೆ ನಂಬಬೇಡಿ. ಚರ್ಮದೊಳಗಿನ ಶಾಯಿ ಯಾವ ಶ್ರುತಿಯನ್ನೂ ಹೊರಡಿಸಲ್ಲ. ಇದರ ಹೆಸರಿನಲ್ಲಿ ಜಾಸ್ತಿ ದುಡ್ಡು ಕೇಳಿದರೆ ಎದ್ದು ಬನ್ನಿ.

ಇನ್ನು ಚರ್ಮದ ವಿಷಯ. ನನ್ನ ಪ್ರಕಾರ ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದದ್ದು ಇದೇ. ಆ ಕಿವಿಯ ಗಂಟನ್ನು ನೀವು ಕೊನೆಗೆ, ಹೇಳಲೋ ಬೇಡವೋ ಅನ್ನುವ ಹಾಗೆ ಬರೆದಿದ್ದೀರಿ. ನಮ್ಮ ಹತ್ತಿರ ಬಂದವರೂ ಹಾಗೇ, ಕುರ್ಚಿ ಮೇಲೆ ಕೂತು ಸ್ಟೆನ್ಸಿಲ್, ಅಂದರೆ ಚಿತ್ರದ ಅಚ್ಚು, ಅಂಟಿಸಿದ ಮೇಲೆ ಹೇಳುತ್ತಾರೆ.

ಕಿವಿಯ ಮೇಲ್ಭಾಗದ ಮೃದು ಎಲುಬಿಗೆ ಚುಚ್ಚಿದಾಗ ಏಳುವ ಗಂಟುಗಳೆಲ್ಲ ಒಂದೇ ಅಲ್ಲ. ಓಲೆ ತಾಗಿ, ಕೂದಲು ಸಿಕ್ಕಿ ಕೆರಳಿ ಬಂದದ್ದಾದರೆ ಕೆಲವು ವಾರ, ತಿಂಗಳಲ್ಲಿ ಇಳಿದಿರುತ್ತೆ. ಗಾಯದ ಗಡಿಯೊಳಗೇ ಉಬ್ಬಿದ ಕಲೆಯಾದರೂ ನಿಧಾನಕ್ಕೆ ತಗ್ಗಬಹುದು. ಕೀಲಾಯ್ಡ್ ಹಾಗಲ್ಲ. ಅದು ಚುಚ್ಚಿದ ಜಾಗ ದಾಟಿ ಸುತ್ತಲಿನ ಒಳ್ಳೆಯ ಚರ್ಮಕ್ಕೂ ಹಬ್ಬುತ್ತೆ, ತುರಿಸುತ್ತೆ, ತಾನಾಗಿ ಹೋಗಲ್ಲ, ಕತ್ತರಿಸಿ ತೆಗೆದರೂ ಮತ್ತೆ ಬರುವುದುಂಟು. ನಮ್ಮಂಥ ಕಂದು, ಕಪ್ಪು ಚರ್ಮದವರಲ್ಲಿ ಇದು ಬಿಳಿ ಚರ್ಮದವರಿಗಿಂತ ಜಾಸ್ತಿ. ಮನೆಯಲ್ಲಿ ಬೇರೆಯವರಿಗೆ ಇದ್ದರೆ ಇನ್ನೂ ಜಾಸ್ತಿ. ಎದೆ, ಭುಜ, ಕಿವಿ, ದವಡೆ ಇದರ ಮೆಚ್ಚಿನ ಜಾಗಗಳು. ಮುಂಗೈಯಲ್ಲಿ ಅಪರೂಪ, ಆದರೆ ಬರಲ್ಲ ಅಂತಲ್ಲ.

ನಾನು ಡಾಕ್ಟರ್ ಅಲ್ಲ. ನಿಮ್ಮ ಗಂಟು ಯಾವುದು ಅಂತ ಚರ್ಮದ ಡಾಕ್ಟರೇ ಹೇಳಬೇಕು. ಹಳೆಯ ಫೋಟೋ ಇದ್ದರೆ ತೆಗೆದುಕೊಂಡು ಹೋಗಿ. ಕೀಲಾಯ್ಡ್ ಅಂದರೆ ನಾನಂತೂ ಹಾಕಲ್ಲ, ಯಾರ ಹತ್ತಿರವೂ ಹಾಕಿಸಬೇಡಿ. "ಒಂದು ಚುಕ್ಕೆ ಹಾಕಿ ನೋಡೋಣ" ಅನ್ನುವವರಿದ್ದಾರೆ. ಕೀಲಾಯ್ಡ್ ಮೂರು ತಿಂಗಳು ಬಿಟ್ಟೂ ಏಳಬಹುದು, ಅದಕ್ಕೂ ತಡವಾಗಿಯೂ ಏಳಬಹುದು. ಎರಡು ವಾರದಲ್ಲಿ ಚುಕ್ಕೆ ಚೆನ್ನಾಗಿ ಮಾಯ್ದರೆ ಅದರಿಂದ ಏನೂ ಗೊತ್ತಾಗಲ್ಲ.

ಡಾಕ್ಟರ್ ಪರವಾಗಿಲ್ಲ ಅಂದರೆ, ಮುಂದಿನ ಮಾತು.

ಟ್ಯಾಟೂ ಶಾಯಿ ಮೇಲಿನ ಪದರದಲ್ಲಿ ನಿಲ್ಲಲ್ಲ, ಅದು ಸದಾ ಉದುರಿ ಹೊಸದಾಗುತ್ತಿರುತ್ತೆ. ಅದರ ಕೆಳಗೆ ಒಂದರಿಂದ ಎರಡು ಮಿಲಿಮೀಟರ್ ಆಳಕ್ಕೆ ಶಾಯಿ ಇಳಿಸುತ್ತೇವೆ. ಅಲ್ಲಿ ದೇಹದ ಕಾವಲು ಕೋಶಗಳು ಶಾಯಿಯ ಕಣಗಳನ್ನು ನುಂಗಿ ಕೂರುತ್ತವೆ. ಆ ಕೋಶ ಸತ್ತಾಗ ಕಣ ಹೊರಬಿದ್ದು, ಪಕ್ಕಕ್ಕೆ ಬಂದ ಹೊಸ ಕೋಶ ಅದನ್ನು ನುಂಗುತ್ತೆ. ಫ್ರಾನ್ಸಿನ ಸಂಶೋಧಕರು 2018ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಟ್ಯಾಟೂ ಉಳಿಯುವುದು ಹೀಗೆ. ಆದರೂ ವರ್ಷ ಕಳೆದಂತೆ ಗೆರೆ ದಪ್ಪವಾಗುತ್ತೆ, ಅಂಚು ಮಸುಕಾಗುತ್ತೆ. ಹಳ್ಳಿಯಲ್ಲಿ ಕೊರವಂಜಿಯರ ಕೈಲಿ ಹಚ್ಚೆ ಹಾಕಿಸಿಕೊಂಡ ಅಜ್ಜಿಯರ ಮುಂಗೈ ನೋಡಿದ್ದೀರಾ? ಹಸಿರು ನೀಲಿಗೆ ತಿರುಗಿದ ಚುಕ್ಕೆಗಳು. ಚುಕ್ಕೆಗಳ ನಡುವೆ ಜಾಗ ಬಿಟ್ಟಿದ್ದ ರಂಗೋಲಿ ಇವತ್ತಿಗೂ ರಂಗೋಲಿಯಾಗಿ ಕಾಣುತ್ತೆ. ಒತ್ತಾಗಿ ಬರೆದ ಹೆಸರು ಓದಕ್ಕಾಗಲ್ಲ.

ಅದೇ ಲೆಕ್ಕ ನಿಮ್ಮ ಅಲೆಗೂ. ಕಡ್ಡಿ ಕಡ್ಡಿಯಾಗಿ ಹಾಕಿಸಿದರೆ ಗೆರೆ, ಬಿಡುವು ಸೇರಿ ಎರಡು ಮಿಲಿಮೀಟರ್ ಬೇಕು. 9 ಸೆಂಟಿಮೀಟರಿನಲ್ಲಿ 45 ಕಡ್ಡಿ. ಮೂರು ಸೆಕೆಂಡ್ ಪೂರ್ತಿ ಹಾಕುವ ಬದಲು, ಹಿಂದೆ ಮುಂದೆ ಸುಮ್ಮನಿರುವ ಭಾಗ ಕತ್ತರಿಸಿ ಮಾತಿನ ಒಂದೂವರೆ ಸೆಕೆಂಡನ್ನಷ್ಟೇ ಇಡಿ. ಆಗ ಪ್ರತಿ ಅಕ್ಷರಕ್ಕೂ ಹಲವು ಕಡ್ಡಿ ಸಿಗುತ್ತೆ, ಒತ್ತಕ್ಷರದ ಬಿಡುವು ಬಿಡುವಾಗಿಯೇ ಕಾಣುತ್ತೆ. ಇದಕ್ಕಿಂತ ಸಣ್ಣದು, ತೆಳುವಾದದ್ದು ಮಾಡುತ್ತೇನೆ ಅನ್ನುವವರ ಹತ್ತಿರ ಹೊಸ ಫೋಟೋ ಕೇಳಬೇಡಿ, ಐದು ವರ್ಷ ಹಳೆಯ ಕೆಲಸದ ಫೋಟೋ ಕೇಳಿ.

ಮಣಿಕಟ್ಟು ಬೇಡ. ಅಲ್ಲಿ ಮಡಿಕೆಗಳಿವೆ, ವಾಚು, ಬಳೆ ಉಜ್ಜುತ್ತೆ, ಲ್ಯಾಪ್‌ಟಾಪ್ ಅಂಚು ತಾಗುತ್ತೆ. ನಾಲ್ಕು ಬೆರಳು ಮೇಲೆ, ಮುಂಗೈ ಒಳಭಾಗದಲ್ಲಿ, ಕೈಯ ಉದ್ದಕ್ಕೆ ಹಾಕಿಸಿ. ಕೈ ಸುತ್ತ ಬಳೆಯ ಹಾಗೆ ಹಾಕಿಸಿದರೆ ಕೈ ತಿರುಗಿಸಿದಾಗ ಅಲೆಯೂ ತಿರುಚಿಕೊಳ್ಳುತ್ತೆ. ಸ್ಟೆನ್ಸಿಲ್ ಅಂಟಿಸುವಾಗ ಕೈ ಸಹಜವಾಗಿ ಇಳಿಬಿಟ್ಟಿರಬೇಕು. ಬಣ್ಣ ಕಪ್ಪು ಮಾತ್ರ. ಕೆಂಪು ಶಾಯಿಗೆ ಅಲರ್ಜಿ ಬರುವುದು ಜಾಸ್ತಿ. ಮುಂದೊಂದು ದಿನ ಲೇಸರ್‌ನಿಂದ ತೆಗೆಸಬೇಕು ಅನ್ನಿಸಿದರೂ ಕಪ್ಪೇ ಸುಲಭ. ಸುಲಭ ಅಂದರೂ ತಿಂಗಳುಗಟ್ಟಲೆ, ಹಲವು ಸಲ ಹೋಗಬೇಕು, ಖರ್ಚು ಹಾಕಿಸಿದ್ದಕ್ಕಿಂತ ಜಾಸ್ತಿ.

ನಿಮಗೆ ಇನ್ನೊಂದು ದಾರಿ ಹೇಳಬೇಕು, ನನಗೆ ಇದೇ ಹೆಚ್ಚು ಇಷ್ಟ. ಅಲೆಯ ಚಿತ್ರ ತೋರಿಸುವುದು ಸದ್ದು ಎಲ್ಲಿ ಜೋರು, ಎಲ್ಲಿ ಮೆಲ್ಲಗೆ ಅಂತ. ಅಪ್ಪ ಹೇಗೆ ಕೇಳುತ್ತಿದ್ದರು ಅನ್ನುವುದು ಇರುವುದು ದನಿಯ ಏರಿಳಿತದಲ್ಲಿ. ಭಾಷಾ ವಿಜ್ಞಾನದವರು ಬಳಸುವ ಪ್ರಾಟ್ ಎಂಬ ಸಾಫ್ಟ್‌ವೇರ್ ಇದೆ, ಅದೂ ಪುಕ್ಕಟೆ. ಫೈಲ್ ಹಾಕಿದರೆ ಶ್ರುತಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಅನ್ನುವುದನ್ನು ಒಂದೇ ಗೆರೆಯಲ್ಲಿ ಬರೆದು ಕೊಡುತ್ತೆ. "ಪುಟ್ಟಿ" ಹತ್ತಿರ ಒಂದು ಸಣ್ಣ ಬಾಗು, ನಡುವೆ ಗೆರೆ ತುಂಡಾಗಿ, "ಸಿಕ್ತಾ"ದ ಕೊನೆಯಲ್ಲಿ ಪ್ರಶ್ನೆಯ ಏರು. ಮೂರ್ನಾಲ್ಕು ತುಂಡು ಗೆರೆ ಅಷ್ಟೇ. ಚರ್ಮದ ಮೇಲೆ ಬಹಳ ವರ್ಷ ಚೆನ್ನಾಗಿರುತ್ತೆ, ಚುಚ್ಚುವುದೂ ಕಡಿಮೆ, ನೋಡಿದವರಿಗೆ ಏನೆಂದು ಗೊತ್ತೇ ಆಗಲ್ಲ. ಕುಕ್ಕರ್ ಮಾತಿನ ಮೇಲೆ ಬಿದ್ದಿದ್ದರೆ ಮಾತ್ರ ಪ್ರಾಟ್‌ಗೂ ಗಲಿಬಿಲಿ ಆಗುತ್ತೆ. ಆಗ ಗೊತ್ತಿರುವವರು ಕೈಯಿಂದ ಸರಿಪಡಿಸಬೇಕು.

ಡಾಕ್ಟರ್ ಬೇಡ ಅಂದರೆ ಇದೇ ಗೆರೆಯನ್ನು ಬೆಳ್ಳಿ ಬಳೆಯ ಮೇಲೆ ಕೆತ್ತಿಸಿ. ಅಕ್ಕಸಾಲಿಗರು ಅಥವಾ ಲೇಸರ್ ಕೆತ್ತನೆಯವರು ಮಾಡಿಕೊಡುತ್ತಾರೆ. ಲೋಹದ ಮೇಲೆ ಪೂರ್ತಿ ಅಲೆ, ಕುಕ್ಕರ್ ಸಮೇತ, ಸಣ್ಣದಾಗಿ ಬರುತ್ತೆ.

ಸೋಂಕಿನ ಮಾತು ಹೇಳಿದೆನಲ್ಲ. ಸೂಜಿ ಹೊಸದಲ್ಲದಿದ್ದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಎಲ್ಲ ದಾಟಬಹುದು. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಶಾಯಿಯನ್ನು ಸಣ್ಣ ಕಪ್‌ಗೆ ಹೊಸದಾಗಿ ಸುರಿಯಬೇಕು, ಉಳಿದದ್ದನ್ನು ವಾಪಸ್ ಬಾಟಲಿಗೆ ಹಾಕಬಾರದು. ಬಾಟಲಿ ಮೇಲೆ ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ ಇದೆಯಾ ನೋಡಿ, ಫೋಟೋ ತೆಗೆದುಕೊಳ್ಳಿ. ಯುರೋಪ್ ಒಕ್ಕೂಟದಲ್ಲಿ 2022ರಿಂದ ಟ್ಯಾಟೂ ಶಾಯಿಯ ರಾಸಾಯನಿಕಗಳ ಮೇಲೆ ಬಿಗಿ ನಿಯಮ ಇದೆ, ಆ ನಿಯಮಕ್ಕೆ ಒಪ್ಪುವ ಶಾಯಿ ಇಲ್ಲೂ ಸಿಗುತ್ತೆ, ಅದನ್ನೇ ಕೇಳಿ. ನಾವು ಬೇಜಾರು ಮಾಡಿಕೊಳ್ಳಲ್ಲ. ಬೇಜಾರು ಮಾಡಿಕೊಂಡರೆ ಅಲ್ಲಿ ಹಾಕಿಸಬೇಡಿ. ಮೇಲಿನ ಚರ್ಮ ಮಾಯಲು ಎರಡು ಮೂರು ವಾರ. ಅಷ್ಟು ದಿನ ಈಜು, ಬಿಸಿಲು, ಕೆರೆತ ಬೇಡ. ಅರಿಶಿನ, ಕೊಬ್ಬರಿ ಎಣ್ಣೆ ಅಂತ ಮನೆಮದ್ದು ಹಚ್ಚಬೇಡಿ.

ಹಾಕಿಸುವ ಮೊದಲು ಆಯ್ದ ಗೆರೆಯನ್ನು ಸ್ಟೆನ್ಸಿಲ್ ಮಾತ್ರ ಅಂಟಿಸಿಕೊಂಡು ಎರಡು ಮೂರು ದಿನ ಆಫೀಸಿಗೆ ಹೋಗಿ ಬನ್ನಿ. ಇದೇನು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಮೀಟಿಂಗ್ ಮಧ್ಯೆ ಅದನ್ನು ಹೇಳಬೇಕಾಗಿ ಬಂದರೆ ನಿಮಗೆ ಹೇಗನ್ನಿಸುತ್ತೆ ಅನ್ನುವುದು ಆಗ ತಿಳಿಯುತ್ತೆ. ಕೆಲವರು ಆಮೇಲೆ ಭುಜಕ್ಕೆ ಬದಲಾಯಿಸುತ್ತಾರೆ. ನಿಮ್ಮ ಗಂಟಿನ ಇತಿಹಾಸ ನೋಡಿದರೆ ಭುಜ ಬೇಡ, ಅಂಗಿ ತೋಳಿನೊಳಗೆ ಮುಚ್ಚುವ ಹಾಗೆ ಮೊಣಕೈ ಹತ್ತಿರ ಸರಿಸಿಕೊಳ್ಳಿ.

ತಮ್ಮನಿಗೆ ಈಗ ಬೇಡ ಅನ್ನಿ. ಸಿಆರ್‌ಪಿಎಫ್‌ನಂಥ ಕೇಂದ್ರ ಪಡೆಗಳ ನೇಮಕಾತಿಯಲ್ಲಿ ಟ್ಯಾಟೂಗೆ ನಿಯಮ ಇದೆ. ಎಡಗೈಯ ಮುಂಗೈ ಒಳಭಾಗ ಅಥವಾ ಅಂಗೈ ಹಿಂಭಾಗದಲ್ಲಿ ಮಾತ್ರ ಇರಬೇಕು. ಬಲಗೈ ಸೆಲ್ಯೂಟ್ ಹೊಡೆಯುವ ಕೈ, ಅದರ ಮುಂಗೈಗೆ ಆಗಲ್ಲ. ಅಳತೆಯೂ ಆ ಭಾಗದ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ಮೆಡಿಕಲ್‌ನಲ್ಲಿ ಇದನ್ನು ನೋಡೇ ನೋಡುತ್ತಾರೆ. ಶ್ರುತಿಯ ಗೆರೆಯ ಟ್ಯಾಟೂ ಈ ಅಳತೆಯೊಳಗೆ ಕೂರಬಹುದು, ಆದರೂ ಅವನು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ಓದಿಯೇ ನಿರ್ಧಾರ ಮಾಡಲಿ. ಸದ್ಯಕ್ಕೆ ಫೈಲಿನ ಒಂದು ಪ್ರತಿ ಅವನ ಹತ್ತಿರ ಇದ್ದರೆ ಸಾಕು, ಕೆಲಸ ಸಿಕ್ಕ ಮೇಲೆ ಅಲ್ಲಿನ ನಿಯಮ ಕೇಳಿಕೊಂಡು ಯೋಚಿಸಲಿ.